ಮ್ಯಾನೇಜರ ಮೇಜಿನ ಲೆಕ್ಕ ನಮ್ಮ ಮಕ್ಕಳಿಗೆ ಬೇಡವೆ?

(ರಾಜಾಜಿನಗರದಲ್ಲಿ ಕಾರ್ಮಿಕರು ಮತ್ತು ಚಿಲ್ಲರೆ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಬಾಗಿಲಲ್ಲಿ ಒಬ್ಬ ಹಿರಿಯರು ನನ್ನನ್ನು ತಡೆದು, "ಏನ್ ಸ್ವಾಮಿ, ಇವತ್ತು ಬೋನಸ್ಸೋ, ತುಟ್ಟಿಭತ್ಯೆಯೋ?" ಎಂದು ಕೇಳಿದರು. ಎರಡೂ ಅಲ್ಲ, ಮಕ್ಕಳ ಓದಿನ ವಿಷಯ ಎಂದೆ. ಅವರ ಮುಖ ಸ್ವಲ್ಪ ಇಳಿಯಿತು. ಹದಿನೈದು ನಿಮಿಷ ತಾಳಿರಿ, ಬೋನಸ್ಸೂ ಬರುತ್ತದೆ, ತುಟ್ಟಿಭತ್ಯೆಯೂ ಬರುತ್ತದೆ ಎಂದು ಅವರಿಗೆ ಮಾತು ಕೊಟ್ಟು ಒಳಗೆ ಬಂದಿದ್ದೇನೆ.

ಈ ಭಾಷಣಕ್ಕೆ ಕಾರಣ ನಮ್ಮ ಸಂಗಾತಿಯೊಬ್ಬರು. ಹೆಸರು ಹೇಳುವುದು ಬೇಡ. ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತವರು, ಈಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ಇದ್ದಾರೆ. ಮಗಳು ಎರಡನೆಯ ಪಿ.ಯು.ಸಿ.ಯಲ್ಲಿ ವಾಣಿಜ್ಯ ವಿಷಯ ತೆಗೆದುಕೊಂಡು ಚೆನ್ನಾಗಿ ಪಾಸಾಗಿದ್ದಾಳೆ. ಮುಂದೆ ಮ್ಯಾನೇಜೀರಿಯಲ್ ಎಕನಾಮಿಕ್ಸ್, ಅಂದರೆ ವ್ಯವಸ್ಥಾಪನಾ ಅರ್ಥಶಾಸ್ತ್ರ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅವರು ನನ್ನಲ್ಲಿಗೆ ಬಂದು ಕೇಳಿದ ಪ್ರಶ್ನೆ ಎರಡು. ಮೊದಲನೆಯದು, "ಅಣ್ಣಾ, ಇದಕ್ಕೆ ಸಾಲ ಮಾಡಬಹುದೆ?" ಎರಡನೆಯದನ್ನು ಅವರು ಸ್ವಲ್ಪ ತಡೆದು ಕೇಳಿದರು. "ಇದನ್ನು ಓದಿ ಅವಳು ನಾಳೆ ನಮ್ಮಂಥವರನ್ನು ಕೆಲಸದಿಂದ ತೆಗೆಯುವ ಲೆಕ್ಕ ಹಾಕುವವಳೇ ಆಗುತ್ತಾಳಲ್ಲವೆ?"

ಎರಡನೆಯ ಪ್ರಶ್ನೆ ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಈ ವಿದ್ಯೆ ಏನು ಎಂಬುದನ್ನು ನೋಡೋಣ.

ಹೆಸರು ದೊಡ್ಡದು, ಒಳಗಿರುವುದು ನಿಮಗೆ ಗೊತ್ತಿರುವುದೇ. 1951ರಲ್ಲಿ ಅಮೆರಿಕದ ಜೋಯಲ್ ಡೀನ್ ಎಂಬ ಪ್ರಾಧ್ಯಾಪಕ ಇದೇ ಹೆಸರಿನಲ್ಲಿ ಒಂದು ಪುಸ್ತಕ ಬರೆದ. ಅರ್ಥಶಾಸ್ತ್ರದ ಸಿದ್ಧಾಂತಗಳನ್ನು ಒಂದು ಕಂಪೆನಿಯ ಮೇಜಿನ ಮೇಲೆ ತಂದು ಹರವುವುದು ಅದರ ಉದ್ದೇಶ. ಎಷ್ಟು ಮಾಲು ತಯಾರಿಸಬೇಕು, ಯಾವ ಬೆಲೆಗೆ ಮಾರಬೇಕು, ಹೊಸ ಯಂತ್ರ ಕೊಳ್ಳಬೇಕೆ, ಹಳೆಯದರಲ್ಲೇ ತಳ್ಳಬೇಕೆ, ಕಾರ್ಖಾನೆ ನಡೆಸಬೇಕೆ, ಮುಚ್ಚಬೇಕೆ ಎಂಬ ಪ್ರಶ್ನೆಗಳಿಗೆ ಲೆಕ್ಕದ ಮೂಲಕ ಉತ್ತರ ಹುಡುಕುವುದು.

ವಿಜಯನಗರದಲ್ಲಿ ಇಡ್ಲಿ ಅಂಗಡಿ ಇಟ್ಟಿರುವ ಒಬ್ಬ ತಮ್ಮ ಇಲ್ಲಿ ಕುಳಿತಿದ್ದಾನೆ. ಅವನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅಂಕಿಗಳು ಮಾತಿಗಾಗಿ ಇಟ್ಟುಕೊಂಡವು. ಮಳಿಗೆಯ ಬಾಡಿಗೆ, ದೀಪ, ಒಬ್ಬ ಹುಡುಗನ ಸಂಬಳ ಸೇರಿ ತಿಂಗಳಿಗೆ 36,000 ರೂಪಾಯಿ. ಒಂದು ಇಡ್ಲಿ ಮಾರದಿದ್ದರೂ ಇದು ತಪ್ಪದು. ಇದು ಸ್ಥಿರ ವೆಚ್ಚ. ಒಂದು ಪ್ಲೇಟಿಗೆ ಅಕ್ಕಿ, ಉದ್ದು, ಕಾಯಿ, ಗ್ಯಾಸು ಸೇರಿ 22 ರೂಪಾಯಿ. ಮಾರಿದಷ್ಟೂ ಏರುವ ಇದು ಬದಲಾಗುವ ವೆಚ್ಚ. 40ಕ್ಕೆ ಮಾರಿದರೆ ಪ್ಲೇಟಿಗೆ 18 ಉಳಿಯುತ್ತದೆ. 36,000ವನ್ನು 18ರಿಂದ ಭಾಗಿಸಿದರೆ 2,000. ತಿಂಗಳಿಗೆ ಎರಡು ಸಾವಿರ ಪ್ಲೇಟು ದಾಟಿದ ಮೇಲೆ ಮಾತ್ರ ಅವನ ಮನೆಗೆ ಒಂದು ಕಾಸು. ಈ ಹಂತಕ್ಕೆ ಇಂಗ್ಲಿಷಿನಲ್ಲಿ ಬ್ರೇಕ್ ಈವನ್ ಎನ್ನುತ್ತಾರೆ. ನಮ್ಮವರು "ಹಾಕಿದ್ದು ಹುಟ್ಟಿತು" ಎನ್ನುತ್ತಾರೆ.

ಇನ್ನೊಂದು ಪ್ರಶ್ನೆ. ಪ್ಲೇಟಿಗೆ ಐದು ರೂಪಾಯಿ ಏರಿಸಿದರೆ ಗಿರಾಕಿ ನಿಲ್ಲುತ್ತಾನೋ, ಎದುರಿನ ಅಂಗಡಿಗೆ ಹೋಗುತ್ತಾನೋ? ಬಸ್ ನಿಲ್ದಾಣದ ಮುಂದೆ ಒಂದೇ ಅಂಗಡಿಯಿದ್ದರೆ ನಿಲ್ಲುತ್ತಾನೆ, ಮೂರಿದ್ದರೆ ಹೋಗುತ್ತಾನೆ. ಇದನ್ನೇ ಅವರು ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂದು ಕರೆದು ಮೂರು ವಾರ ಪಾಠ ಹೇಳುತ್ತಾರೆ. ಹಾಗೆಂದು ಹಗುರವಾಗಿ ಕಾಣಬೇಡಿ. ಇಡ್ಲಿ ಅಂಗಡಿಯವನು ಪೆಟ್ಟು ತಿಂದು ಕಲಿಯುವುದನ್ನು ದೊಡ್ಡ ಕಂಪೆನಿ ಪೆಟ್ಟು ಬೀಳುವ ಮೊದಲೇ ಅಂಕಿಅಂಶದಿಂದ ಅಳೆದಿಟ್ಟುಕೊಂಡಿರುತ್ತದೆ. ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಬೇಳೆ ತಂದುಕೊಡುವ ಕಂಪೆನಿಗಳು ನಿಮ್ಮ ದಿನಸಿ ಅಂಗಡಿಗಿಂತ ಅಗ್ಗಕ್ಕೆ ಹೇಗೆ ಕೊಡುತ್ತವೆ? ಮಾಲು ಅಗ್ಗವಾಗಿ ಸಿಗುವುದು ಒಂದು ಭಾಗ. ಹಣ ಹಾಕಿದವರು ಕೆಲವು ವರ್ಷ ನಷ್ಟ ತಡೆಯಲು ಸಿದ್ಧರಿರುವುದು ಇನ್ನೊಂದು ಭಾಗ. ಬಸವೇಶ್ವರನಗರದ ಅಂಗಡಿಯವರು ಮೂರು ತಿಂಗಳ ನಷ್ಟ ತಡೆದರೆ ಹೆಚ್ಚು. ಎದುರಾಳಿ ಎಷ್ಟು ದಿನ ನಷ್ಟ ತಡೆಯಬಲ್ಲ ಎಂಬುದನ್ನು ಲೆಕ್ಕ ಹಾಕುವುದೂ ಈ ವಿದ್ಯೆಯೊಳಗೇ ಇದೆ.

ಈಗ ಗಿರಣಿಗೆ ಬರೋಣ.

ನಾವು ಕುಳಿತಿರುವ ಈ ಪಶ್ಚಿಮ ಬೆಂಗಳೂರು ಗಿರಣಿಯ ಸಿಳ್ಳಿಗೆ ಏಳುತ್ತಿದ್ದ ಊರು. 1884ರಲ್ಲಿ ಹುಟ್ಟಿದ ಬಿನ್ನಿ ಮಿಲ್ಲು ಒಂದು ಪೇಟೆಗೇ ಹೆಸರು ಕೊಟ್ಟಿತು. ಈಗ ಆ ಬಿನ್ನಿಪೇಟೆಯಲ್ಲಿ ಬಹುಮಹಡಿ ಮನೆಗಳೆದ್ದಿವೆ. ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಮಾಲ್ ನಿಂತಿದೆ. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇದ್ದ ಕಡೆ ಒರಾಯನ್ ಮಾಲ್ ಇದೆ. ಇನ್ನು ಮಿನರ್ವ ಮಿಲ್ಲು. ಅದರ ಆಡಳಿತವನ್ನು 1971ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಿತು. 1974ರ ಕಾಯಿದೆಯ ಮೂಲಕ ರಾಷ್ಟ್ರೀಕರಣವಾಯಿತು. ಅದರ ಮೇಲಿನ ವ್ಯಾಜ್ಯದಲ್ಲಿ 1980ರಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 42ನೆಯ ತಿದ್ದುಪಡಿಯ ಎರಡು ಭಾಗಗಳನ್ನು ತಳ್ಳಿಹಾಕಿತು. ಹಾಗಾಗಿ ಮಿನರ್ವ ಮಿಲ್ಲಿನ ಹೆಸರು ಈ ದೇಶದಲ್ಲಿ ಕಾನೂನು ಓದುವ ಪ್ರತಿಯೊಬ್ಬ ಹುಡುಗನಿಗೂ ಗೊತ್ತು. ಆದರೆ ಆ ಗಿರಣಿ ಏಕೆ ಕಾಯಿಲೆ ಬಿತ್ತು, ಅದರ ಜಮಾಖರ್ಚು ಏನು ಹೇಳುತ್ತಿತ್ತು ಎಂದು ಕೇಳಿದರೆ ಉತ್ತರಿಸುವವರು ಎಷ್ಟು ಜನ? ಕಾನೂನಿನ ಪ್ರಶ್ನೆ ಉಳಿಯಿತು, ಲೆಕ್ಕದ ಪ್ರಶ್ನೆ ಗೋಡೆಯ ಜೊತೆಗೆ ಬಿತ್ತು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಗಿರಣಿಯ ಹೆಸರು ಬೇಡ. 1980ರ ದಶಕದಲ್ಲಿ ನಾನು ಅದರ ಟೈಮ್ ಆಫೀಸಿನಲ್ಲಿ ಗುಮಾಸ್ತ. ಒಂದು ವರ್ಷ ಬೋರ್ಡಿನ ಮೇಲೆ ನೋಟೀಸು ಬಂತು: ಗಿರಣಿ ನಷ್ಟದಲ್ಲಿದೆ, ಬೋನಸ್ಸು ಕನಿಷ್ಠ ಮಾತ್ರ. ಆಗ ಜಾರಿಯಲ್ಲಿದ್ದ 1965ರ ಬೋನಸ್ ಕಾಯಿದೆಯ ಪ್ರಕಾರ ಕನಿಷ್ಠವೆಂದರೆ ನೂರಕ್ಕೆ 8.33, ಗರಿಷ್ಠ 20. ಇವೆರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದು ಘೋಷಣೆಯಿಂದ ನಿರ್ಧಾರವಾಗುವುದಲ್ಲ, ಲೆಕ್ಕದಿಂದ ಆಗುವುದು. ನಾವು ಮೂರು ದಿನ ಗೇಟಿನ ಮುಂದೆ "ಸುಳ್ಳು ಲೆಕ್ಕಕ್ಕೆ ಧಿಕ್ಕಾರ" ಎಂದು ಕೂಗಿದೆವು. ಮ್ಯಾನೇಜರು ನಗುತ್ತಾ ಅಚ್ಚಾದ ಅಢಾವೆ ಪತ್ರಿಕೆಯ ಒಂದು ಪ್ರತಿಯನ್ನು ನಮ್ಮ ಕೈಗೆ ಕೊಟ್ಟರು. "ಸುಳ್ಳು ಎಲ್ಲಿದೆ ತೋರಿಸಿ" ಎಂದರು. ನಲವತ್ತು ಪುಟ, ಎಲ್ಲಾ ಇಂಗ್ಲಿಷು. ನಮ್ಮಲ್ಲಿ ಒಬ್ಬನಿಗೂ ಓದಲು ಬರಲಿಲ್ಲ. ಆ ಸಂಜೆ ಪಟ್ಟ ಅವಮಾನ ಇನ್ನೂ ನೆನಪಿದೆ.

ನಮ್ಮ ವಠಾರದಲ್ಲಿ ಬಿ.ಕಾಂ. ಓದುತ್ತಿದ್ದ ಒಬ್ಬ ಹುಡುಗಿ ಇದ್ದಳು. ಎರಡು ರಾತ್ರಿ ಕುಳಿತು ಅದನ್ನು ನಮಗೆ ಬಿಡಿಸಿ ಹೇಳಿದಳು. ನಷ್ಟದ ಬಹುಭಾಗ ಯಂತ್ರಗಳ ಸವಕಳಿ. ಅದು ಕಾಗದದ ಮೇಲಿನ ಕಳೆಯುವಿಕೆ, ಆ ವರ್ಷ ಪೆಟ್ಟಿಗೆಯಿಂದ ಹೊರಗೆ ಹೋದ ಹಣವಲ್ಲ. ಬೋನಸ್ ಕಾಯಿದೆಯೂ ಸವಕಳಿಯನ್ನು ಕಳೆಯಲು ಬಿಡುತ್ತಿತ್ತು. ಆದರೆ ಆದಾಯ ತೆರಿಗೆ ಕಾಯಿದೆ ಒಪ್ಪುವ ಮಟ್ಟಿಗೆ. ಅಚ್ಚಾದ ಅಂಕಿ ಬೇರೆ, ಬೋನಸ್ಸಿಗೆ ಹಿಡಿಯಬೇಕಾದ ಅಂಕಿ ಬೇರೆ ಎಂದು ಅವಳು ಗೆರೆ ಎಳೆದು ತೋರಿಸಿದಳು. ನಾವು ಹಿಗ್ಗಿಹೋದೆವು. ಆಮೇಲೆ ಅವಳು ಇನ್ನೊಂದು ಪುಟ ತಿರುವಿ, "ಆದರೆ ಇದನ್ನೂ ನೋಡಿ ಮಾವ" ಎಂದಳು. ಮಾರಾಟವಾಗದ ಬಟ್ಟೆಯ ದಾಸ್ತಾನು ಎರಡು ವರ್ಷದಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಅಂದರೆ ಮಾಲೀಕನ ಮಾತು ಪೂರ್ತಿ ಸುಳ್ಳಲ್ಲ. ಅವನು ತೋರಿಸಿದ ಕಡೆ ರೋಗವಿರಲಿಲ್ಲ, ತೋರಿಸದ ಕಡೆ ಇತ್ತು. ಆ ವರ್ಷ ಕನಿಷ್ಠಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕಿತು. ಅದರಿಂದ ಗಿರಣಿ ಉಳಿಯಿತು ಎಂದು ಹೇಳಲಾರೆ, ಉಳಿಯಲಿಲ್ಲ. ಆದರೆ ಮುಳುಗುತ್ತಿದೆ ಎಂಬುದು ಗೊತ್ತಾದುದರಿಂದ ಮುಂದಿನ ಮಾತುಕತೆಯಲ್ಲಿ ನಾವು ಗ್ರ್ಯಾಚುಯಿಟಿಯ ಹಣ ಎಲ್ಲಿದೆ ಎಂದು ಮೊದಲು ಕೇಳುವುದನ್ನು ಕಲಿತೆವು.

ಮುಚ್ಚುವ ಲೆಕ್ಕವನ್ನೂ ಸ್ವಲ್ಪ ತಿಳಿದುಕೊಳ್ಳಿ. ಒಂದು ಗಿರಣಿಯ ಸ್ಥಿರ ವೆಚ್ಚ ತಿಂಗಳಿಗೆ 10 ಲಕ್ಷ ಎನ್ನಿ. ಒಂದು ಮೀಟರ್ ಬಟ್ಟೆಗೆ ನೂಲು, ಬಣ್ಣ, ವಿದ್ಯುತ್ತು, ಕೂಲಿ ಸೇರಿ 52 ರೂಪಾಯಿ, ಮಾರುವ ಬೆಲೆ 60. ತಿಂಗಳಿಗೆ 80,000 ಮೀಟರ್ ಮಾರಿದರೆ ಉಳಿಯುವುದು 6 ಲಕ್ಷ 40 ಸಾವಿರ. ಸ್ಥಿರ ವೆಚ್ಚ ಕಳೆದರೆ 3 ಲಕ್ಷ 60 ಸಾವಿರ ನಷ್ಟ. ನೋಟೀಸು ಬೋರ್ಡು ಇಷ್ಟನ್ನೇ ಹೇಳುತ್ತದೆ. ಆದರೆ ನಾಳೆ ಗಿರಣಿ ನಿಲ್ಲಿಸಿದರೆ? ಆ 10 ಲಕ್ಷ ಕೂಡಲೇ ನಿಲ್ಲುವುದಿಲ್ಲ, ನಷ್ಟ ಪೂರಾ 10 ಲಕ್ಷ. ಆದುದರಿಂದ ಸದ್ಯಕ್ಕೆ ನಡೆಸುವುದೇ ಲಾಭ. ಬೆಲೆ 52ಕ್ಕಿಂತ ಕೆಳಗೆ ಇಳಿದರೆ ಮಾತ್ರ ನಡೆಸಿದಷ್ಟೂ ನಷ್ಟ. ಇದು ಮಾಲೀಕರ ಕಾಲೇಜಿನಲ್ಲೇ ಹೇಳಿಕೊಡುವ ಪಾಠ, ನಮ್ಮ ಪಕ್ಷದ ಕರಪತ್ರದ್ದಲ್ಲ.

ಈಗ ಅದೇ ಪಾಠದ ಇನ್ನೊಂದು ಮುಖ. ನಮ್ಮ ಗಿರಣಿ ಲಾಭದಲ್ಲಿದೆ, ಮುಚ್ಚುವುದು ಅನ್ಯಾಯ ಎಂದು ನಾವು ಎಷ್ಟು ಸಲ ಕೂಗಿಲ್ಲ? ಗಿರಣಿ ವರ್ಷಕ್ಕೆ 2 ಕೋಟಿ ಲಾಭ ತರುತ್ತದೆ ಎನ್ನಿ. ಅದು ನಿಂತ ನೆಲದ ಬೆಲೆ ಊರು ಬೆಳೆದುದರಿಂದ 100 ಕೋಟಿಯಾಗಿದೆ. ನೆಲ ಮಾರಿ ಹಣವನ್ನು ಬ್ಯಾಂಕಿನಲ್ಲಿಟ್ಟರೆ ನೂರಕ್ಕೆ 7ರಂತೆ 7 ಕೋಟಿ ಬಡ್ಡಿ. ಹಾಗಾಗಿ ಗಿರಣಿ ನಡೆಸುವುದರಿಂದ ವರ್ಷಕ್ಕೆ 5 ಕೋಟಿ ನಷ್ಟ ಎಂದು ಮೇಜಿನ ಆಚೆಯವನು ಬರೆದುಕೊಳ್ಳುತ್ತಾನೆ. ಇದಕ್ಕೆ ಅವಕಾಶ ವೆಚ್ಚ ಎಂದು ಹೆಸರು. ಇದು ಗೊತ್ತಿಲ್ಲದವನು "ಲಾಭದಲ್ಲಿದೆ" ಎಂದು ಕೂಗುತ್ತಲೇ ಇರುತ್ತಾನೆ, ಗೇಟು ಮುಚ್ಚುತ್ತಲೇ ಹೋಗುತ್ತದೆ. ಗೊತ್ತಿದ್ದವನು ಬೇರೆ ಪ್ರಶ್ನೆ ಕೇಳುತ್ತಾನೆ. ಆ ನೆಲಕ್ಕೆ 100 ಕೋಟಿ ಬೆಲೆ ತಂದವರು ಯಾರು? ರಸ್ತೆ, ಕಾವೇರಿ ನೀರು, ಮೆಟ್ರೋ, ಇವಕ್ಕೆ ತೆರಿಗೆ ಕೊಟ್ಟವರು ಯಾರು? ಆ ಏರಿಕೆಯಲ್ಲಿ ಊರಿನ ಪಾಲೆಷ್ಟು, ದುಡಿದವನ ಪಾಲೆಷ್ಟು? ಕೆಲಸ ಹೋದ ಮನೆಯ ಮಗು ಶಾಲೆ ಬಿಟ್ಟರೆ ಅದು ಯಾವ ಖಾತೆಗೆ? ಕಂಪೆನಿಯ ಪುಸ್ತಕದಲ್ಲಿ ಆ ಕಲಮು ಇಲ್ಲ. ಈ ವಿದ್ಯೆಯ ಕೊರತೆ ಇರುವುದು ಇಲ್ಲೇ, ಅದನ್ನು ಮುಚ್ಚಿಡುವುದು ಬೇಡ. ಆದರೆ ಕಲಮು ಎಲ್ಲಿ ಬಿಟ್ಟುಹೋಗಿದೆ ಎಂದು ಬೆರಳಿಟ್ಟು ತೋರಿಸಲು ಪುಸ್ತಕ ಓದಲು ಬರಬೇಕು.

ಬರಿಯ ವಾದಕ್ಕಾಗಿ ಇದನ್ನು ಹೇಳುತ್ತಿಲ್ಲ. ನೂರು ಜನಕ್ಕೆ ಕಡಿಮೆಯಿಲ್ಲದೆ ಇರುವ ಕಾರ್ಖಾನೆ ಮುಚ್ಚಬೇಕಾದರೆ ಸರ್ಕಾರದ ಅನುಮತಿ ಬೇಕು ಎಂಬ ನಿಯಮ ಬಹುಕಾಲ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ನೂರನ್ನು ಮುನ್ನೂರು ಮಾಡಿತು. ಮುನ್ನೂರು ಮತ್ತು ಅದಕ್ಕೂ ಮೇಲ್ಪಟ್ಟ ಕಡೆ ಈಗಲೂ ಅನುಮತಿ ಕೇಳಬೇಕು, ಕಾರ್ಮಿಕರ ಅಹವಾಲು ಆಲಿಸಬೇಕು. ಆ ದಿನ ಮಾಲೀಕನ ಕಡೆಯಿಂದ ಇಬ್ಬರು ಲೆಕ್ಕ ಪರಿಣತರು ಬರುತ್ತಾರೆ. ನಮ್ಮ ಕಡೆಯಿಂದ ಯಾರು ಹೋಗುತ್ತಾರೆ? ಸಂವಿಧಾನದ 43ಎ ವಿಧಿ ಕಾರ್ಖಾನೆಯ ಆಡಳಿತದಲ್ಲಿ ಕಾರ್ಮಿಕರಿಗೆ ಪಾಲು ಸಿಗುವಂತೆ ಸರ್ಕಾರ ಮಾಡಬೇಕು ಎನ್ನುತ್ತದೆ. ಅದೇ 42ನೆಯ ತಿದ್ದುಪಡಿ, 1976ರಲ್ಲಿ ಸೇರಿಸಿದ್ದು. ಮಿನರ್ವ ತೀರ್ಪು ಅದನ್ನು ಮುಟ್ಟಲಿಲ್ಲ. ಕುರ್ಚಿ ಕೊಟ್ಟರೂ ಕುಳಿತು ಏನು ಓದಬೇಕು ಎಂದು ತಿಳಿಯದಿದ್ದರೆ ಚಹಾ ಕುಡಿದು ಎದ್ದು ಬರುತ್ತೇವೆ.

ತುಟ್ಟಿಭತ್ಯೆಗೆ ಕಾದಿರುವ ಹಿರಿಯರಿಗೆ ಒಂದು ಮಾತು. ಬೆಲೆ ಸೂಚ್ಯಂಕ ಎಷ್ಟು ಪಾಯಿಂಟು ಏರಿತು ಎಂದು ನೀವು ಬೆರಳ ತುದಿಯಲ್ಲಿ ಹೇಳುತ್ತೀರಿ. ಆ ಪಾಯಿಂಟು ಹುಟ್ಟುವುದು ಯಾವ ಸಾಮಾನಿಗೆ ಎಷ್ಟು ತೂಕ ಕೊಟ್ಟರು ಎಂಬುದರಿಂದ. ಮನೆ ಬಾಡಿಗೆಗೆ ತೂಕ ಕಡಿಮೆ ಹಿಡಿದರೆ ನಿಮ್ಮ ಬಾಡಿಗೆ ಏರುತ್ತದೆ, ಪಾಯಿಂಟು ಏರುವುದಿಲ್ಲ. ಅದೂ ಇದೇ ಓದಿನ ಒಂದು ಕೊಂಬೆ.

ಇನ್ನು ಎಲ್ಲಿ ಓದುವುದು, ಎಷ್ಟು ಖರ್ಚು? ನಮ್ಮ ಕಡೆ ಈ ಹೆಸರಿನಲ್ಲೇ ಪೂರ್ತಿ ಪದವಿ ಅಪರೂಪ. ಬಿ.ಕಾಂ., ಬಿ.ಬಿ.ಎ. ತರಗತಿಗಳಲ್ಲಿ ಒಂದೆರಡು ಪತ್ರಿಕೆಯಾಗಿ ಬರುತ್ತದೆ. ಆಳವಾಗಿ ಬೇಕೆಂದರೆ ಅರ್ಥಶಾಸ್ತ್ರದ ಜೊತೆ ಗಣಿತ, ಸಂಖ್ಯಾಶಾಸ್ತ್ರ ಹಿಡಿಯಬೇಕು. ರಾಜಾಜಿನಗರದಲ್ಲಿ ಕೆ.ಎಲ್.ಇ. ಸಂಸ್ಥೆಯ ನಿಜಲಿಂಗಪ್ಪ ಕಾಲೇಜಿದೆ, ವಿಜಯನಗರದಲ್ಲಿ, ಕೆಂಗೇರಿಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ನಮ್ಮ ಹಿತ್ತಿಲಿನಲ್ಲೇ ಇದೆ. ಅದೇ ಆವರಣದಲ್ಲಿ 2017ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಐದು ವರ್ಷದ ಸಂಯೋಜಿತ ಎಂ.ಎಸ್ಸಿ. ತರಗತಿಯಿಂದ ಆರಂಭವಾಯಿತು. ಲಂಡನ್ನಿನ ಪ್ರಸಿದ್ಧ ಶಾಲೆಯ ಮಾದರಿಯಲ್ಲಿ ಕಟ್ಟಬೇಕೆಂಬುದು ಉದ್ದೇಶ. ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯಿದೆ. ಅರ್ಥಶಾಸ್ತ್ರದ ಇಷ್ಟು ದೊಡ್ಡ ಮನೆಗಳು ಕಾರ್ಮಿಕರ ಬಡಾವಣೆಗಳಿಂದ ಒಂದು ಬಸ್ಸಿನ ದೂರದಲ್ಲಿವೆ. ನಮ್ಮಲ್ಲಿ ಎಷ್ಟು ಮಂದಿ ಆ ಗೇಟು ದಾಟಿದ್ದೇವೆ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಆ ಬಸ್ಸಿಗೂ ಕಾಸು ಬೇಡವಾಯಿತು.

ಸಾಲದ ಪ್ರಶ್ನೆಗೆ ಈ ವಿದ್ಯೆಯಿಂದಲೇ ಉತ್ತರ ಹೇಳುತ್ತೇನೆ. ಇಂದು ಖಾಸಗಿ ಕಾಲೇಜಿಗೆ 2 ಲಕ್ಷ ಸಾಲ ಮಾಡಿ ಕಟ್ಟಿದಿರಿ ಎನ್ನಿ. ನೂರಕ್ಕೆ ಹತ್ತರ ಚಕ್ರಬಡ್ಡಿಯಲ್ಲಿ ಮೂರು ವರ್ಷಕ್ಕೆ ಅದು 2,66,200 ಆಗುತ್ತದೆ. ಇದು ಕಣ್ಣಿಗೆ ಕಾಣುವ ವೆಚ್ಚ. ಮಗಳು ಓದದೆ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗಿ ತಿಂಗಳಿಗೆ 12,000 ತಂದಿದ್ದರೆ ಮೂರು ವರ್ಷಕ್ಕೆ 4,32,000. ಅದು ಕಾಣದ ವೆಚ್ಚ. ಆದುದರಿಂದ ಸರ್ಕಾರಿ ಕಾಲೇಜಿನಲ್ಲಿ ಓದಿದರೂ ಬಡವನ ಮನೆಯ ಓದು ಪುಕ್ಕಟೆಯಲ್ಲ. ಶ್ರೀಮಂತನ ಮಗ ಈ ನಾಲ್ಕು ಲಕ್ಷವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವೆಚ್ಚ ಇಷ್ಟಿರುವಾಗ ಬಣ್ಣದ ಕಾಗದದ ಮೇಲೆ ಅಚ್ಚಾದ ಹೆಸರು ನೋಡಿ ಸೇರಿಸಬೇಡಿ. ಗಣಿತ, ಸಂಖ್ಯಾಶಾಸ್ತ್ರ ಹೇಳಿಕೊಡುವ ಮೇಷ್ಟರು ಕಾಯಮ್ಮಾಗಿ ಇದ್ದಾರೆಯೆ, ಗ್ರಂಥಾಲಯ ಸಂಜೆ ತೆರೆದಿರುತ್ತದೆಯೆ ಎಂದು ಹೋಗಿ ಕೇಳಿ. ನನ್ನ ಸಲಹೆ ಹೀಗೆ: ಮೊದಲು ಸರ್ಕಾರಿ ಸೀಟು ಹುಡುಕಿ. ಸಿಗದಿದ್ದರೆ ಮಾತ್ರ ಸಾಲ, ಅದೂ ಬ್ಯಾಂಕಿನ ಸಾಲ, ಲೇವಾದೇವಿಯದಲ್ಲ. ಪದವಿ ಬಂದ ಮಾತ್ರಕ್ಕೆ ಕೆಲಸ ಬರುತ್ತದೆ ಎಂದು ನಾನು ಹೇಳುವುದಿಲ್ಲ. 2024ರ ಜನವರಿಯಲ್ಲಿ ಯುವನಿಧಿ ಎಂದು ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3,000 ಕೊಡಲು ಸರ್ಕಾರವೇ ಮುಂದಾಗಬೇಕಾಯಿತು ಎಂದ ಮೇಲೆ ಹೇಳುವುದೇನು.

ಸರ್ಕಾರದ ಬಗ್ಗೆಯೂ ಒಂದು ದೂರು ಇದೆ. 2021ರಲ್ಲಿ ಪದವಿಯನ್ನು ನಾಲ್ಕು ವರ್ಷ ಮಾಡಿದರು, 2024ರಲ್ಲಿ ಮತ್ತೆ ಮೂರಕ್ಕೆ ತಂದರು. ಎರಡು ಪಕ್ಷಗಳ ಜಗಳದಲ್ಲಿ ಒಂದು ವರ್ಷ ಅತ್ತಿತ್ತ ಆದರೆ ಉಳ್ಳವರಿಗೆ ಅದು ಸುದ್ದಿ ಮಾತ್ರ, ನಮಗೆ ಒಂದು ವರ್ಷದ ಕೂಲಿ. ಇನ್ನೊಂದು ಮಾತು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ವೈದ್ಯಕೀಯ ಕಾಲೇಜು ಸೇರಿಕೊಂಡಿದೆ, ಅಲ್ಲಿ ವಿಮಾದಾರ ಕಾರ್ಮಿಕರ ಮಕ್ಕಳಿಗೆಂದೇ ಸೀಟುಗಳಿವೆ. ನಮ್ಮ ಸಂಬಳದಿಂದ ಹಿಡಿದ ಹಣಕ್ಕೆ ಅದು ನ್ಯಾಯ. ಜ್ಞಾನಭಾರತಿಯ ಅರ್ಥಶಾಸ್ತ್ರ ಶಾಲೆಯಲ್ಲಿ ಕಾರ್ಮಿಕರ ಮಕ್ಕಳಿಗೆ ಹತ್ತು ಸೀಟು ಕೇಳಿದರೆ ತಪ್ಪೇನು? ಪಾಠದ ಪುಸ್ತಕ ಕನ್ನಡದಲ್ಲಿ ಬೇಕು ಎಂದು ಕೇಳಿದರೆ ತಪ್ಪೇನು? ಸವಕಳಿ, ದಾಸ್ತಾನು, ಅಸಲು, ಹುಟ್ಟುವಳಿ, ಈ ಮಾತುಗಳೆಲ್ಲ ಪೇಟೆಯ ಮಂಡಿಯಲ್ಲಿ ಓಡಾಡಿಕೊಂಡಿವೆ. ಭಾಷೆಯಲ್ಲಿ ಬಡತನವಿಲ್ಲ, ಬರೆಯುವವರಲ್ಲಿದೆ.

ಈಗ ಎರಡನೆಯ ಪ್ರಶ್ನೆ. ಓದಿದ ಮಗಳು ನಮ್ಮ ಎದುರಿನ ಕುರ್ಚಿಯಲ್ಲಿ ಕುಳಿತರೆ?

ಕೂರಬಹುದು. ಸುಳ್ಳು ಸಮಾಧಾನ ಹೇಳಲಾರೆ. ನಮ್ಮ ವಠಾರದಿಂದಲೇ ಹೋದ ಹುಡುಗರು ಸಿಬ್ಬಂದಿ ಕಡಿತದ ಪಟ್ಟಿ ತಯಾರಿಸಿದ್ದನ್ನು ಕಂಡಿದ್ದೇನೆ. ಸಂಬಳ ಕೊಟ್ಟವನ ಪ್ರಶ್ನೆಗೇ ಲೆಕ್ಕ ಉತ್ತರ ಕೊಡುತ್ತದೆ. ಆದರೆ ಆ ಶಾಲೆಗೆ ಯಾರ ಹೆಸರಿಟ್ಟಿದ್ದಾರೋ ಅವರನ್ನು ನೆನೆಯಿರಿ. ಅಂಬೇಡ್ಕರರು 1918ರಿಂದ 1920ರವರೆಗೆ ಬೊಂಬಾಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅದು ವಾಣಿಜ್ಯ ಕಾಲೇಜು, ವ್ಯಾಪಾರಸ್ಥರ ಮನೆಯ ಮಕ್ಕಳು ಓದುತ್ತಿದ್ದ ಸ್ಥಳ. ರೂಪಾಯಿಯ ಸಮಸ್ಯೆಯ ಮೇಲೆ ಅವರು ಬರೆದ ಗ್ರಂಥ 1923ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಅದೇ ಲೆಕ್ಕ ಬಲ್ಲವರು 1942ರಿಂದ 1946ರವರೆಗೆ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆ ನಡೆಸಿದರು. ಮಾಲೀಕರ ಅಂಕಿಗಳನ್ನು ನೋಡಿ ಅವರು ತಬ್ಬಿಬ್ಬಾಗಬೇಕಾಗಿರಲಿಲ್ಲ.

ಹುಡುಗಿ ಯಾವ ಕಡೆ ಕೂರುತ್ತಾಳೆ ಎಂಬುದನ್ನು ಪಠ್ಯಪುಸ್ತಕ ತೀರ್ಮಾನಿಸುವುದಿಲ್ಲ. ಅವಳು ಓದುವ ಮೂರು ವರ್ಷ ನಾವು ಅವಳನ್ನು ಸಂಘದ ಕಚೇರಿಗೆ ಕರೆಯುತ್ತೇವೆಯೆ? ಈ ಅಢಾವೆ ಪತ್ರಿಕೆ ಸ್ವಲ್ಪ ನೋಡಮ್ಮ ಎಂದು ಕೇಳುತ್ತೇವೆಯೆ? ಅಥವಾ ಇಂಗ್ಲಿಷ್ ಓದಿದವಳು, ನಮ್ಮವಳಲ್ಲ ಎಂದು ದೂರ ಇಡುತ್ತೇವೆಯೆ? ನನಗೆ ಆ ಬಿ.ಕಾಂ. ಹುಡುಗಿಯ ವಿಷಯದಲ್ಲಿ ಇಂದಿಗೂ ನಾಚಿಕೆ ಇದೆ. ಬೋನಸ್ಸು ಬಂದ ದಿನ ನಾವು ಮುಖಂಡರಿಗೆಲ್ಲ ಹಾರ ಹಾಕಿದೆವು. ಅವಳನ್ನು ವೇದಿಕೆಗೆ ಕರೆಯುವುದು ಯಾರಿಗೂ ನೆನಪಾಗಲಿಲ್ಲ.

ನಮ್ಮ ಸಂಗಾತಿಯ ಮಗಳು ಅಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಅಂಕಪಟ್ಟಿಯನ್ನೂ ಎರಡು ಕಾಲೇಜಿನ ಅರ್ಜಿಗಳನ್ನೂ ತಂದಿದ್ದಾಳೆ. ಸಭೆ ಮುಗಿದ ಮೇಲೆ ಅರ್ಜಿ ತುಂಬುವುದಕ್ಕೆ ಸಹಾಯ ಬೇಕಾದ ಬೇರೆ ಮಕ್ಕಳಿದ್ದರೂ ಹಿಂದಿನ ಕೋಣೆಗೆ ಬನ್ನಿ. ಮುಂದಿನ ಭಾನುವಾರ ಸಂಜೆ ಇದೇ ಜಾಗದಲ್ಲಿ ನಿಮ್ಮ ನಿಮ್ಮ ಕಾರ್ಖಾನೆಯ ವಾರ್ಷಿಕ ವರದಿ ಸಿಕ್ಕರೆ ತನ್ನಿ, ಅಂಗಡಿಯವರು ಒಂದು ತಿಂಗಳ ಜಮಾಖರ್ಚಿನ ಪುಸ್ತಕ ತನ್ನಿ. ಕುಳಿತು ಓದೋಣ. ಕನ್ನಡಕ ಮರೆಯಬೇಡಿ, ಅಚ್ಚು ಬಹಳ ಸಣ್ಣದು.